ಅಟ್ಟದ ಮೇಲೆ ಸಿಕ್ಕಿದ ಹ್ಯಾಂಡಿಟಾಕಿ

ಕೈಯಲ್ಲಿ ಹಿಡಿದು ಮಾತಾಡುವ ರೇಡಿಯೊ ಸೆಟ್ ಯಾವುದಾದರೂ ನಮ್ಮ ಕಡೆ ಅದು ವಾಕಿಟಾಕಿಯೇ. ಸಾಗರದ ಹತ್ತಿರದ ಒಂದು ಮನೆಯವರು ಅಟ್ಟದಿಂದ ಇಳಿಸಿಕೊಟ್ಟಾಗಲೂ ಹಾಗೇ ಹೇಳಿದರು. ನಾನು ಮಾತ್ರ ಹಳೇ ಸೆಟ್ ಬಂದರೆ ಮೊದಲು ಅದರ ಮೇಲೆ ಹೆಸರು ಬರೆದ ಪಟ್ಟಿ ಹುಡುಕುತ್ತೇನೆ. ಒದ್ದೆ ಬಟ್ಟೆಯಲ್ಲಿ ಮಸಿ ಒರೆಸಿದ ಮೇಲೆ ‘ಬಿಸಿ-611’ ಕಾಣಿಸಿತು.

ಅಮೆರಿಕ ಸೈನ್ಯದ ಅಂದಿನ ಕ್ರಮದಲ್ಲಿ ಎಸ್‌ಸಿಆರ್ ಅಂದರೆ ಪೂರ್ತಿ ಸೆಟ್, ಬಿಸಿ ಅಂದರೆ ಅದರ ಒಂದು ಮುಖ್ಯ ಭಾಗ. ಬಿಸಿ-611 ಸೇರುವುದು ಎಸ್‌ಸಿಆರ್-536ಕ್ಕೆ. ಎರಡನೇ ಮಹಾಯುದ್ಧದ ಕಾಲದ್ದು, ರೂಪಿಸಿದವರು ಶಿಕಾಗೊದ ಗ್ಯಾಲ್ವಿನ್ ಕಂಪನಿಯವರು. ತಮ್ಮ ಕಾರ್ ರೇಡಿಯೊಗೆ ಇಟ್ಟಿದ್ದ ಮೊಟೊರೋಲಾ ಎಂಬ ಹೆಸರನ್ನು ಅವರು 1947ರಲ್ಲಿ ಕಂಪನಿಗೇ ಇಟ್ಟರು. ಈ ಸೆಟ್ಟಿನ ಹೆಸರು ಹ್ಯಾಂಡಿಟಾಕಿ. ವಾಕಿಟಾಕಿ ಅಂತ ಅವರು ಕರೆದದ್ದು ಬೆನ್ನಿಗೆ ಹೊರುವ ಎಸ್‌ಸಿಆರ್-300 ಅನ್ನು. ಅದು ಎಫ್‌ಎಂ, 40ರಿಂದ 48 ಮೆಗಾಹರ್ಟ್ಸ್. ಇದು ಎಎಂ, 3.5ರಿಂದ 6. ಹೆಸರು ಅದಲುಬದಲಾದರೆ ಬೇರೆಯದೇ ಸರ್ಕ್ಯೂಟ್ ಹಿಡಿದು ಕೂರಬೇಕಾಗುತ್ತದೆ.

ಮಲೆನಾಡಿನ ಥಂಡಿ ಒಳಗೆಲ್ಲ ಇಳಿದಿತ್ತು. ಒತ್ತಿ ಮಾತಾಡುವ ಸ್ವಿಚ್ಚಿನೊಳಗೆ ಉದ್ದಕ್ಕೆ ಸಾಲು ಕಾಂಟ್ಯಾಕ್ಟ್‌ಗಳಿವೆ, ಎಲ್ಲಕ್ಕೂ ಹಸಿರು ಕಿಲುಬು. ಸ್ಪಿರಿಟ್ ಅದ್ದಿದ ಬ್ರಷ್ಷಿನಲ್ಲಿ ಒಂದೊಂದನ್ನೇ ತಿಕ್ಕಿದೆ. ಹೆಚ್ಚು ಹೊತ್ತು ಹಿಡಿದದ್ದು ಇದೇ. ಪೇಪರ್ ಕೆಪಾಸಿಟರ್‌ಗಳನ್ನು ಪರೀಕ್ಷೆಗೂ ಕಾಯದೆ ಬದಲಿಸಿದೆ. ಐದು ವಾಲ್ವೂ (ಹಳೇ ರೇಡಿಯೊಗಳ ಗಾಜಿನ ಕೊಳವೆಗಳು) ಪುಣ್ಯಕ್ಕೆ ಚೆನ್ನಾಗಿದ್ದವು.

ಇದಕ್ಕೆ ಬೇಕಾದ 103.5 ವೋಲ್ಟಿನ ಬ್ಯಾಟರಿ ಈಗ ಅಂಗಡಿಯಲ್ಲಿ ಎಲ್ಲಿಂದ ಬರಬೇಕು? 9 ವೋಲ್ಟಿನ 11 ಬ್ಯಾಟರಿ ಸಾಲಾಗಿ ಜೋಡಿಸಿದೆ, 99 ವೋಲ್ಟಿಗೂ ಸೆಟ್ ಸರಿಯಾಗಿ ನಡೆಯುತ್ತದೆ. ವಾಲ್ವಿನೊಳಗೆ ಬಿಸಿಯಾಗುವ ತಂತಿಗೆ, ಅಂದರೆ ಫಿಲಮೆಂಟಿಗೆ, 1.5 ವೋಲ್ಟಿನ ಸೆಲ್ ಬೇರೆ. ಈ ಎರಡರ ವೈರ್ ಅದಲುಬದಲಾದರೆ ವಾಲ್ವ್‌ಗಳೆಲ್ಲ ಒಂದೇ ಏಟಿಗೆ ಸುಟ್ಟುಹೋಗುತ್ತವೆ, ಅದಕ್ಕೇ ಬೇರೆ ಬೇರೆ ಬಣ್ಣದ ವೈರ್ ಹಾಕಿದ್ದೇನೆ.

ಸೆಟ್ ಯಾವ ತರಂಗಾಂತರದಲ್ಲಿ ನಡೆಯಬೇಕೆಂದು ಗೊತ್ತುಮಾಡುವ ಕ್ರಿಸ್ಟಲ್ ಎರಡು ಬೇಕು. ಕೇಳುವುದಕ್ಕಿರುವುದು ಕಳಿಸುವುದಕ್ಕಿಂತ 455 ಕಿಲೋಹರ್ಟ್ಸ್ ಮೇಲಿರಬೇಕು. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದ್ದರೂ ಹ್ಯಾಮ್‌ಗಳಿಗೆಂದು ಬಿಟ್ಟ ಬ್ಯಾಂಡಿನ ಹೊರಗೆ ಕಳಿಸುವಂತಿಲ್ಲವಾದ್ದರಿಂದ 80 ಮೀಟರ್ ಬ್ಯಾಂಡಿಗೆ ಹೊಂದುವ ಜೋಡಿಯನ್ನೇ ಹಾಕಿದೆ. ಸ್ವಿಚ್ ಆನ್ ಮಾಡಲು ಪ್ರತ್ಯೇಕ ಗುಂಡಿ ಇಲ್ಲ, ಆಂಟೆನಾ ಮೇಲಕ್ಕೆಳೆದರೆ ಸೆಟ್ ಜೀವ ತಳೆಯುತ್ತದೆ. ಎಂಥ ಚಂದದ ಯೋಚನೆ ಅದು!

ಹೊರಬೀಳುವ ಶಕ್ತಿ ಅರ್ಧ ವಾಟೂ ಇಲ್ಲ. ಆದರೂ ಅಡಿಕೆ ತೋಟದ ಆಚೆ ದರೆಯ ಮೇಲೆ ರಿಸೀವರ್ ಹಿಡಿದು ನಿಂತಿದ್ದ ಗೆಳೆಯನಿಗೆ ನನ್ನ ಮಾತು ಸ್ಪಷ್ಟವಾಗಿ ಕೇಳಿಸಿತು.