ಯಹೂದಿ ಅಧ್ಯಯನದಲ್ಲಿ ಬಿ.ಎ.: ನನ್ನ ಅನುಭವ

ಜ್ಯೂಯಿಶ್ ಸ್ಟಡೀಸ್‌ನಲ್ಲಿ ಬಿ.ಎ. ಮಾಡಿದ್ದೇನೆ ಅಂದರೆ ಎದುರಿನವರು ಕೇಳುವುದು ಎರಡೇ ಪ್ರಶ್ನೆ. ನೀನು ಯಹೂದಿಯಾ? ಕೆಲಸ ಸಿಗುತ್ತದಾ? ಯಹೂದಿ ಅಲ್ಲ. ಕೆಲಸ ಸಿಕ್ಕಿದೆ. ಈಚೆಗೆ ಪರಿಚಯದವರು ಒಬ್ಬಿಬ್ಬರು ತಮ್ಮ ಮಕ್ಕಳ ಓದಿನ ವಿಷಯಕ್ಕೆ ಫೋನ್ ಮಾಡಿ ವಿಚಾರಿಸಿದರು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಮ್ಮದು ಪುತ್ತೂರು ಕಡೆ. ಅಮ್ಮನಿಗೆ ಲಂಡನ್ನಿನಲ್ಲಿ ನರ್ಸ್ ಕೆಲಸ ಸಿಕ್ಕಿ ನಾವು ಬಂದು ಇಳಿದದ್ದು ಹೆಂಡನ್‌ನಲ್ಲಿ. ಅದು ವಾಯವ್ಯ ಲಂಡನ್, ಪಕ್ಕದಲ್ಲೇ ಗೋಲ್ಡರ್ಸ್ ಗ್ರೀನ್. ಎರಡೂ ಕಡೆ ಯಹೂದಿ ಮನೆಗಳು ಜಾಸ್ತಿ. ಅಲ್ಲಿ ಕೆಲವು ಕಡೆ ರಸ್ತೆಯ ಎರಡೂ ಬದಿ ತೆಳ್ಳಗಿನ ಕಂಬ, ಮೇಲೆ ಕಂಡೂ ಕಾಣದ ಒಂದು ತಂತಿ. ಕರೆಂಟಿನದೂ ಅಲ್ಲ, ಟೆಲಿಫೋನಿನದೂ ಅಲ್ಲ. ಏನು ಅಂತ ಪಕ್ಕದ ಮನೆಯ ಅಂಕಲ್‌ಗೆ ಕೇಳಿದೆ. ಅದರ ಹೆಸರು ಎರೂವ್. ಶಬ್ಬತ್ ದಿನ, ಅಂದ್ರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ, ಮನೆಯೊಳಗಿನ ವಸ್ತುವನ್ನು ಬೀದಿಗೆ ಹೊತ್ತುಕೊಂಡು ಹೋಗಬಾರದು ಎಂಬ ಧರ್ಮನಿಯಮ ಇದೆ. ಬೀಗದ ಕೈಯೂ ಸೇರಿ, ಮಗುವಿನ ತಳ್ಳುಗಾಡಿಯೂ ಸೇರಿ. ಆದರೆ ಇಡೀ ಪ್ರದೇಶಕ್ಕೆ ಒಂದು ಆವರಣ ಇದ್ದರೆ ಅದೆಲ್ಲ ಒಂದೇ ಮನೆಯ ಲೆಕ್ಕ. ಎರಡು ಕಂಬ ಬಾಗಿಲ ಚೌಕಟ್ಟಿನ ನಿಲುವು, ತಂತಿ ಅದರ ಮೇಲಡ್ಡ. ಹಾಗೆ ಬಾಗಿಲುಗಳನ್ನು ಜೋಡಿಸುತ್ತಾ ಹೋದರೆ ಗೋಡೆ ಆಯಿತು. ಆ ಭಾಗದ ಎರೂವ್ ಜಾರಿಗೆ ಬಂದದ್ದು 2003ರಲ್ಲಿ, ಅದಕ್ಕೂ ಮುಂಚೆ ವರ್ಷಗಟ್ಟಲೆ ಪರ-ವಿರೋಧ ಜಗಳ ನಡೆದಿತ್ತಂತೆ. ಇಷ್ಟು ಗಂಭೀರವಾಗಿ, ಇಷ್ಟು ತುಂಟತನದಿಂದ ಕಾನೂನನ್ನು ಯೋಚಿಸುವ ಜನ ಯಾರಪ್ಪ ಅನ್ನಿಸಿತು. ವಿಷಯ ಹಿಡಿದದ್ದು ಹಾಗೆ.

ನಾನು ಸೇರಿದ್ದು ಯುಸಿಎಲ್, ಅಂದ್ರೆ ಯೂನಿವರ್ಸಿಟಿ ಕಾಲೇಜ್ ಲಂಡನ್. 2014ರಲ್ಲಿ. ಹೀಬ್ರೂ ಮತ್ತು ಯಹೂದಿ ಅಧ್ಯಯನ ಎಂಬ ನಾಲ್ಕು ವರ್ಷದ ಪದವಿ, ಮೂರನೇ ವರ್ಷ ಜೆರೂಸಲೇಮ್‌ನಲ್ಲಿ. ಈ ವಿಷಯಕ್ಕೂ ಈ ಕಾಲೇಜಿಗೂ ಹಳೇ ನಂಟಿದೆ. 1826ರಲ್ಲಿ ಇದು ಶುರುವಾದಾಗ ಇಂಗ್ಲೆಂಡಿನಲ್ಲಿ ಇದ್ದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೇ, ಅಲ್ಲಿ ಆಂಗ್ಲಿಕನ್ ಅಲ್ಲದವರಿಗೆ ಪದವಿ ಇಲ್ಲ. ಇಲ್ಲಿ ಧರ್ಮ ಕೇಳುತ್ತಿರಲಿಲ್ಲ. ಗವರ್ ಸ್ಟ್ರೀಟಿನ ಜಾಗ ಕೊಂಡ ಮೂವರಲ್ಲಿ ಒಬ್ಬರು ಐಸಾಕ್ ಲಿಯಾನ್ ಗೋಲ್ಡ್‌ಸ್ಮಿಡ್ ಎಂಬ ಯಹೂದಿ ಸಾಹುಕಾರರು. 1828ರಲ್ಲೇ ಹೀಬ್ರೂಗೆ ಪ್ರೊಫೆಸರ್ ಹುದ್ದೆ ಇತ್ತು.

ಒಂದು ವಿಷಯ ಮೊದಲೇ ಹೇಳಬೇಕು. ಇದು ಧರ್ಮ ಕಲಿಸುವ ಕೋರ್ಸ್ ಅಲ್ಲ. ಯಹೂದಿ ಹುಡುಗರು ಧರ್ಮಗ್ರಂಥ ಓದಲು ಯೆಶಿವಾಕ್ಕೆ ಹೋಗುತ್ತಾರೆ, ಅದು ಬೇರೆ ಲೋಕ. ವಿಶ್ವವಿದ್ಯಾಲಯದ ಈ ಓದಿನ ಬೇರು 1819ರ ಬರ್ಲಿನ್‌ನಲ್ಲಿದೆ. ಲಿಯೊಪೋಲ್ಡ್ ಝುಂಝ್ ಮತ್ತವರ ಗೆಳೆಯರು ಒಂದು ಸಂಘ ಕಟ್ಟಿಕೊಂಡು, ಗ್ರೀಕ್ ಲ್ಯಾಟಿನ್ ಗ್ರಂಥಗಳನ್ನು ಓದುವ ಹಾಗೆಯೇ ನಮ್ಮ ಗ್ರಂಥಗಳನ್ನೂ ಓದೋಣ ಅಂತ ಹೊರಟರು. ಯಾರು ಬರೆದದ್ದು, ಯಾವಾಗ, ಯಾವ ಪ್ರತಿಯಲ್ಲಿ ಏನಿದೆ. ಹಾಗಾಗಿ ತರಗತಿಯಲ್ಲಿ ನಿನ್ನ ನಂಬಿಕೆ ಏನು ಅಂತ ಯಾರೂ ಕೇಳುವುದಿಲ್ಲ. ನನ್ನ ಜೊತೆ ಇದ್ದವರಲ್ಲಿ ಯಹೂದಿಗಳು, ಕ್ರೈಸ್ತರು, ಯಾವ ದೇವರೂ ಬೇಡ ಅನ್ನುವವರು ಎಲ್ಲರೂ ಇದ್ದರು.

ಭಾಷೆ ಮಾತ್ರ ಎಲ್ಲರಿಗೂ ಕಷ್ಟ. ಈ ಪದವಿ ಅಂದ್ರೆ ಮುಕ್ಕಾಲು ಪಾಲು ಭಾಷೆ ಅಂತಲೇ ತಿಳಿಯಿರಿ. ಇತಿಹಾಸ ಓದೋಣ, ಪ್ರಬಂಧ ಬರೆಯೋಣ ಅಂತ ಬಂದವರು ಮೊದಲ ವರ್ಷ ಕ್ರಿಯಾಪದದ ಪಟ್ಟಿ ಉರುಹೊಡೆಯುತ್ತಾ ಕೂತಿರುತ್ತಾರೆ. ಹೀಬ್ರೂನಲ್ಲಿ 22 ಅಕ್ಷರ, ಬಲದಿಂದ ಎಡಕ್ಕೆ. ಸ್ವರಕ್ಕೆ ಚುಕ್ಕೆ-ಗೆರೆ ಹಾಕುವ ಕ್ರಮ ಇದೆ, ಆದರೆ ಅದು ಬೈಬಲ್‌ಗೆ, ಕವಿತೆಗೆ, ಮಕ್ಕಳ ಪುಸ್ತಕಕ್ಕೆ. ಪೇಪರು ತೆಗೆದರೆ ಬರೀ ವ್ಯಂಜನ. ಕಾಗುಣಿತದಲ್ಲಿ ಬೆಳೆದ ನನಗೆ ಇದು ಮಹಾ ಹಿಂಸೆ. ಪದ ಮೊದಲೇ ಗೊತ್ತಿದ್ದರೆ ಮಾತ್ರ ಓದಲಿಕ್ಕಾಗುತ್ತದೆ, ಗೊತ್ತಿಲ್ಲದಿದ್ದರೆ ನಿಘಂಟು ನೋಡಲಿಕ್ಕೂ ಪದದ ಬೇರಾದ ಮೂರಕ್ಷರ ಯಾವುದು ಅಂತ ಮೊದಲು ಕಂಡುಹಿಡಿಯಬೇಕು. ಒಂದು ಕಡೆ ಮಾತ್ರ ನನಗೆ ಸುಲಭವಾಯಿತು. ಕ್ರಿಯಾಪದ ಗಂಡಿಗೊಂದು ಹೆಣ್ಣಿಗೊಂದು ಬದಲಾಗುವುದು ಇಂಗ್ಲಿಷ್ ಹುಡುಗರಿಗೆ ತಲೆನೋವು, ಬಂದನು ಬಂದಳು ಅಂತ ಬೆಳೆದವರಿಗೆ ಅದೇನು ದೊಡ್ಡದಲ್ಲ. ‘ನೀನು’ ಅನ್ನುವುದಕ್ಕೂ ಗಂಡು ಹೆಣ್ಣು ಬೇರೆ ಇರುತ್ತದೆ ಅನ್ನೋದಷ್ಟೇ ಹೊಸದು. ಪೆಯಾಲಿಮ್ ಅಂತ ಒಂದು ಜಾಲತಾಣ ಇದೆ, ಪ್ರತಿ ಕ್ರಿಯಾಪದದ ಎಲ್ಲ ರೂಪ ಅಲ್ಲಿ ಸಿಗುತ್ತದೆ. ನನ್ನ ಫೋನಿನಲ್ಲಿ ವಾಟ್ಸಾಪ್‌ಗಿಂತ ಜಾಸ್ತಿ ಅದೇ ತೆರೆದಿರುತ್ತಿತ್ತು.

ಎರಡನೇ ವರ್ಷ ತಾಲ್ಮುದ್, ಅಂದ್ರೆ ಯಹೂದಿ ಧರ್ಮಕಾನೂನು ಮತ್ತು ಅದರ ಮೇಲಿನ ಚರ್ಚೆಯ ದೊಡ್ಡ ಗ್ರಂಥ. ನನ್ನ ಮಟ್ಟಿಗೆ ಇಡೀ ಪದವಿಯಲ್ಲಿ ಅತ್ಯಂತ ರುಚಿಯಾದ ಭಾಗ ಇದೇ. ಮೊದಲು ಪುಟದ ರೂಪವನ್ನೇ ಹೇಳಬೇಕು. ನಡುವೆ ಮಿಶ್ನಾ, ಸುಮಾರು ಕ್ರಿ.ಶ. 200ರ ಹೊತ್ತಿಗೆ ಕೂಡಿಸಿದ ಕಾನೂನು. ಅದರ ಬೆನ್ನಿಗೇ ಗೆಮಾರಾ, ಬ್ಯಾಬಿಲೋನಿಯಾದ ಪಂಡಿತರ ಚರ್ಚೆ, ಹೆಚ್ಚಾಗಿ ಅರಾಮಿಕ್‌ನಲ್ಲಿ. ಒಳ ಅಂಚಿನಲ್ಲಿ 11ನೇ ಶತಮಾನದ ಫ್ರಾನ್ಸಿನ ರಾಶಿ ಎಂಬ ಪಂಡಿತರ ವ್ಯಾಖ್ಯಾನ. ಹೊರ ಅಂಚಿನಲ್ಲಿ ತೋಸಾಫೋತ್, ಅಂದ್ರೆ ರಾಶಿಯ ಮೊಮ್ಮಕ್ಕಳು ಮತ್ತವರ ಪರಂಪರೆಯವರು ಅಜ್ಜನ ಮಾತಿಗೇ ಎತ್ತಿದ ಆಕ್ಷೇಪ. ಸಾವಿರ ವರ್ಷದ ಜಗಳ ಒಂದೇ ಪುಟದಲ್ಲಿ. ಇಂಥ ಹಾಳೆಗಳು ಒಟ್ಟು 2,711.

ನಾವು ಓದಿದ್ದು ಬಾವಾ ಮೆಟ್ಸಿಯಾ ಎಂಬ ಭಾಗದ ಶುರು. ಇಬ್ಬರು ಒಂದು ಬಟ್ಟೆಯನ್ನು ಹಿಡಿದುಕೊಂಡು ಬರುತ್ತಾರೆ. ನನಗೆ ಸಿಕ್ಕಿದ್ದು ಅಂತ ಇವನು, ನನಗೆ ಸಿಕ್ಕಿದ್ದು ಅಂತ ಅವನು. ಪೂರ್ತಿ ನನ್ನದು ಅಂತ ಇಬ್ಬರೂ. ಆಗ ಪ್ರತಿಯೊಬ್ಬನೂ ಇದರಲ್ಲಿ ನನ್ನದು ಅರ್ಧಕ್ಕೆ ಕಡಿಮೆ ಇಲ್ಲ ಅಂತ ಆಣೆ ಮಾಡಬೇಕು, ಮಾಡಿ ಪಾಲು ಮಾಡಿಕೊಳ್ಳಬೇಕು. ಸರಿ. ಒಬ್ಬ ಪೂರ್ತಿ ನನ್ನದು ಅಂದು, ಇನ್ನೊಬ್ಬ ಅರ್ಧ ನನ್ನದು ಅಂದರೆ? ಅರ್ಧ ಅರ್ಧ ಅಲ್ಲ. ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಯಾಕಂದ್ರೆ ಒಂದು ಅರ್ಧ ಮೊದಲನೆಯವನದು ಅಂತ ಎದುರಾಳಿಯೇ ಒಪ್ಪಿಯಾಯಿತು, ತಕರಾರು ಇರುವುದು ಇನ್ನೊಂದು ಅರ್ಧದ ಮೇಲೆ ಮಾತ್ರ. ಇಷ್ಟರಲ್ಲಿ ಗೆಮಾರಾ ಬರುತ್ತದೆ. ‘ಸಿಕ್ಕಿದ್ದು’ ಅಂದ ಮೇಲೆ ‘ಪೂರ್ತಿ ನನ್ನದು’ ಅಂತ ಯಾಕೆ ಬರೆದರು, ಒಂದು ಸಾಲದೇ? ಹೇಗೂ ಪಾಲು ಮಾಡುವುದಾದರೆ ಆಣೆ ಯಾಕೆ? ಅದಕ್ಕೆ ರಬ್ಬಿ ಯೋಹಾನಾನ್ ಉತ್ತರ: ಇಲ್ಲದಿದ್ದರೆ ಯಾರು ಬೇಕಾದರೂ ಹೋಗಿ ಬೇರೆಯವನ ಬಟ್ಟೆ ಹಿಡಿದುಕೊಂಡು ಇದು ನನ್ನದು ಅಂದಾರು. ಪಾಠದ ಹೊತ್ತಿಗೆ ನನಗೆ ಅಜ್ಜನ ಜೊತೆ ಕೂತು ಕೇಳಿದ ತಾಳಮದ್ದಲೆಯೇ ನೆನಪಾಗುತ್ತಿತ್ತು. ಅದೇ ಪ್ರಸಂಗ, ಎಲ್ಲರಿಗೂ ಗೊತ್ತಿರುವ ಕತೆ, ಆದರೆ ಅರ್ಥಧಾರಿ ಒಂದು ಪದ ಹಿಡಿದು ಎದುರಿನವನನ್ನು ಅರ್ಧ ಗಂಟೆ ಕಟ್ಟಿಹಾಕುತ್ತಾನಲ್ಲ, ಅದೇ ಖುಷಿ.

ತಾಲ್ಮುದ್ ಒಬ್ಬರೇ ಓದುವುದಲ್ಲ. ಇಬ್ಬರು ಜೋಡಿಯಾಗಿ ಕೂತು ಗಟ್ಟಿಯಾಗಿ ಓದಿ ವಾದ ಮಾಡಬೇಕು, ಅದಕ್ಕೆ ಹೆವ್ರೂತಾ ಅಂತಾರೆ. ನನ್ನ ಜೋಡಿ ಮ್ಯಾಂಚೆಸ್ಟರ್‌ನ ಹುಡುಗ, ಯೆಶಿವಾದಲ್ಲಿ ಓದಿ ಬಂದವನು. ಅವನಿಗೆ ರಾಗವಾಗಿ ಓದಲಿಕ್ಕೆ ಬರುತ್ತಿತ್ತು, ಮುಂದಿನ ಪ್ರಶ್ನೆ ಏನು ಅಂತಲೂ ಗೊತ್ತಿರುತ್ತಿತ್ತು. ಆದರೆ ಹಸ್ತಪ್ರತಿಗಳಲ್ಲಿ ಪಾಠಾಂತರ ಇದೆ, ಈ ಸಾಲು ಆಮೇಲೆ ಸೇರಿಸಿದ್ದಿರಬಹುದು ಅಂದಾಗ ಅವನಿಗೆ ಕಷ್ಟವಾಗುತ್ತಿತ್ತು. ನನಗೆ ಉಲ್ಟಾ. ಹಾಗಾಗಿ ಜೋಡಿ ಚೆನ್ನಾಗಿ ಕೂಡಿತು.

ಯಿದ್ದಿಶ್ ಒಂದು ವರ್ಷ ಕಲಿತೆ, ಪೂರ್ವ ಯುರೋಪಿನ ಯಹೂದಿಗಳ ಮನೆಮಾತು, ಜರ್ಮನ್ ಮೂಲದ ಭಾಷೆ, ಹೀಬ್ರೂ ಲಿಪಿ. ಪರೀಕ್ಷೆಗಿಂತ, ಲಂಡನ್ನಿನಲ್ಲಿ ಈಗಲೂ ಯಿದ್ದಿಶ್ ಆಡುವ ಸ್ಟಾಮ್ಫರ್ಡ್ ಹಿಲ್‌ನ ಬೇಕರಿಯಲ್ಲಿ ನಿಂತು ಹಿಂದೆ ಮುಂದೆ ಮಾತಾಡುವವರನ್ನು ಕೇಳಿಸಿಕೊಳ್ಳುವುದಕ್ಕೆ ಜಾಸ್ತಿ ಉಪಯೋಗಕ್ಕೆ ಬಂತು.

ನಾಜಿ ಕಾಲದ ನರಮೇಧದ ಪಾಠಕ್ಕೆ ರಸೆಲ್ ಸ್ಕ್ವೇರ್‌ನ ವೀನರ್ ಗ್ರಂಥಾಲಯಕ್ಕೆ ಹೋಗುತ್ತಿದ್ದೆವು, ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರ. ಆಲ್ಫ್ರೆಡ್ ವೀನರ್ 1933ರಲ್ಲಿ ಜರ್ಮನಿ ಬಿಟ್ಟು ಆಮ್‌ಸ್ಟರ್‌ಡಾಮ್‌ಗೆ ಹೋಗಿ ನಾಜಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂಡಿಡುತ್ತಾ ಬಂದರು, 1939ರಲ್ಲಿ ಅದೆಲ್ಲ ಲಂಡನ್ನಿಗೆ ಬಂತು. 1950ರ ದಶಕದಲ್ಲಿ ಎವಾ ರೈಖ್‌ಮನ್ ಅವರ ನೇತೃತ್ವದಲ್ಲಿ ಬದುಕುಳಿದವರ ಹೇಳಿಕೆ ಬರೆಸಿಕೊಂಡರು, ಸಾವಿರಕ್ಕೂ ಹೆಚ್ಚು. ಒಣ ಭಾಷೆ. ಊರು, ತಾರೀಖು, ಯಾರ ಜೊತೆ ಯಾವ ಶಿಬಿರ. ಅದನ್ನು ಓದಿ ಬಂದು ರಾತ್ರಿ ಊಟ ಸೇರುತ್ತಿರಲಿಲ್ಲ. ದಿನಕ್ಕೆ ಒಂದೆರಡಕ್ಕಿಂತ ಜಾಸ್ತಿ ಓದಬೇಡಿ ಅಂತ ಮೇಷ್ಟ್ರು ಹೇಳಿದ್ದರು, ನಾನೂ ಅದನ್ನೇ ಹೇಳುತ್ತೇನೆ.

ಮೂರನೇ ವರ್ಷ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ, ಸ್ಕೋಪಸ್ ಗುಡ್ಡದ ಮೇಲೆ. ಶುರುವಿಗೆ ಉಲ್ಪಾನ್, ಅಂದ್ರೆ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಬರೀ ಹೀಬ್ರೂ ಮಾತು. ಎರಡು ವರ್ಷ ಗ್ರಂಥ ಓದಿದವನಿಗೆ ಟೊಮೆಟೊ ಕೊಳ್ಳಲಿಕ್ಕೆ ಬರುತ್ತಿರಲಿಲ್ಲ. ಮಹನೆ ಯೆಹೂದಾ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡುತ್ತಾ ನಾಲಿಗೆ ತಿರುಗಿತು. ಶುಕ್ರವಾರ ಮಧ್ಯಾಹ್ನ ಬಸ್ಸು, ಟ್ರಾಮು ನಿಲ್ಲುತ್ತವೆ, ಅದಕ್ಕೆ ಮೊದಲೇ ಸಾಮಾನು ತಂದಿಟ್ಟುಕೊಳ್ಳಬೇಕು. ಗುಡ್ಡದ ಬುಡದಲ್ಲೇ ಇಸಾವಿಯಾ ಎಂಬ ಪ್ಯಾಲೆಸ್ಟೀನಿ ಊರು. ಕ್ಯಾಂಪಸ್ಸಿನಲ್ಲಿ ಅರಬ್ ವಿದ್ಯಾರ್ಥಿಗಳೂ ತುಂಬಾ ಮಂದಿ. ಈ ವಿಷಯ ಓದುತ್ತೇನೆ ಅಂದಕೂಡಲೇ ನೀನು ಆ ಕಡೆಯವನಾ ಈ ಕಡೆಯವನಾ ಅಂತ ಜನ ಅಳೆಯಲು ಶುರುಮಾಡುತ್ತಾರೆ. ಮೂರು ಸಾವಿರ ವರ್ಷದ ಇತಿಹಾಸ ಇರುವ ವಿಷಯವನ್ನು ಒಂದು ದೇಶದ ಸರ್ಕಾರದ ಜೊತೆ ಅಂಟಿಸಿ ನೋಡುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಹಾಗಂತ ಅಲ್ಲಿದ್ದುಕೊಂಡು ಕಣ್ಣು ಮುಚ್ಚಿ ಕೂರಲಿಕ್ಕೂ ಆಗುವುದಿಲ್ಲ. ಎರಡೂ ಕಡೆಯವರ ಮನೆಯಲ್ಲಿ ಊಟ ಮಾಡಿದ್ದೇನೆ, ಇಬ್ಬರ ಮಾತೂ ಕೇಳಿದ್ದೇನೆ. ಅಷ್ಟು ಸಾಕು ಇಲ್ಲಿಗೆ. ಇಸ್ರೇಲ್ ಮ್ಯೂಸಿಯಂನಲ್ಲಿ ಕೊಚ್ಚಿಯ ಕಡವುಂಭಾಗಂ ಸಿನಗಾಗ್‌ನ, ಅಂದ್ರೆ ಯಹೂದಿ ಪ್ರಾರ್ಥನಾ ಮಂದಿರದ, ಒಳಾಂಗಣವನ್ನೇ ತಂದು ಕೂರಿಸಿದ್ದಾರೆ. ಆ ಕೆತ್ತಿದ ಮರದ ಮುಚ್ಚಿಗೆ ನೋಡಿ, ಇದು ನಮ್ಮ ಕಡೆಯ ಆಚಾರಿಗಳ ಕೈ ಇದ್ದ ಹಾಗಿದೆಯಲ್ಲ ಮಾರಾಯ ಅಂತ ಒಬ್ಬನೇ ಗಟ್ಟಿಯಾಗಿ ಹೇಳಿಬಿಟ್ಟೆ.

ಕೊನೆಯ ವರ್ಷದ ಪ್ರಬಂಧ ಮಂಗಳೂರಿನ ಮೇಲೆ. ಹೌದು, ಮಂಗಳೂರು. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ದೇವರ ಹೆಸರಿರುವ ಕಾಗದವನ್ನು ಹರಿದು ಬಿಸಾಡಬಾರದು ಅಂತ ಒಂದು ಕೋಣೆಯಲ್ಲಿ ತುಂಬುತ್ತಿದ್ದರು. ದೇವರ ಹೆಸರಿನ ಜೊತೆಗೆ ಅಂಗಡಿ ಲೆಕ್ಕ, ಮದುವೆ ಕರಾರು, ಕಾಗದ ಪತ್ರ ಎಲ್ಲವೂ ಸೇರಿಹೋಯಿತು. ಇದಕ್ಕೇ ಗೆನಿಝಾ ಅನ್ನುವುದು. 1896ರ ಕೊನೆಗೆ ಕೇಂಬ್ರಿಜ್‌ನ ಹೀಬ್ರೂ ಪಂಡಿತ ಸಾಲೊಮನ್ ಶೆಕ್ಟರ್ ಅಲ್ಲಿಗೆ ಹೋಗಿ ಬಹುಪಾಲನ್ನು ಕೇಂಬ್ರಿಜ್‌ಗೆ ತಂದರು, ಈಗ ಅಲ್ಲಿ ಸುಮಾರು 1,93,000 ತುಣುಕುಗಳಿವೆ. ಅದರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳೂ ಇವೆ. ಟುನೀಸಿಯದ ಮಹ್ದಿಯಾದವನು, 1130ರ ದಶಕದಿಂದ 1149ರವರೆಗೆ ಹೆಚ್ಚಾಗಿ ಮಂಗಳೂರಿನ ಕಡೆಯೇ ಇದ್ದವನು. ಕಾಗದಗಳಲ್ಲಿ ಊರಿನ ಹೆಸರು ಮಂಜರೂರ್. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ 1132ರ ಪತ್ರ ಅಲ್ಲೇ ಬರೆದದ್ದು. ಅವನ ಮಕ್ಕಳ ತಾಯಿ ಅವಳೇ ಎಂದು ಗೆನಿಝಾ ಪಂಡಿತ ಗೊಯ್ಟೈನ್ ಊಹಿಸಿದ್ದರು.

ಯೆಮನ್ನಿನ ಏಡನ್ ಬಂದರಿನಿಂದ ಅವನ ಗೆಳೆಯರು ಬರೆದ ಕಾಗದ ಓದಿದರೆ ನಮ್ಮ ಬಂದರಿನ ಓಣಿಯಲ್ಲಿ ನಿಂತ ಹಾಗೆ. ಇಲ್ಲಿಂದ ಹೋಗುತ್ತಿದ್ದದ್ದು ಕಾಳುಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆ. ಅಲ್ಲಿಂದ ಬರುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ. ಏಲಕ್ಕಿಗೆ ದುಡ್ಡು ಮುಂಗಡ ತೆಗೆದುಕೊಂಡು ಸರಕು ಕೊಡದ ಇಲ್ಲಿನ ಒಬ್ಬ ದಲ್ಲಾಳಿಯ ಮೇಲೆ ಅವರಿಗೆಲ್ಲ ಕೆಂಡದಂಥ ಸಿಟ್ಟು. ಬೆನ್ ಯಿಜುವಿಗೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು, ಏಡನ್‌ನವರು ಒಡೆದ ಪಾತ್ರೆ ಕಳಿಸಿ, ಇದನ್ನು ಕರಗಿಸಿ ಇಂಥ ಅಳತೆಯದು ಮಾಡಿಸಿ ಕಳಿಸು ಅಂತ ಬರೆಯುತ್ತಿದ್ದರು. ನನ್ನ ಪ್ರಬಂಧ ಆ ಪಾತ್ರೆಗಳ ಆರ್ಡರ್‌ಗಳ ಬಗ್ಗೆ. ಕಾಗದದ ಬರ ಎಷ್ಟಿತ್ತೆಂದರೆ ಬಂದ ಪತ್ರದ ಖಾಲಿ ಜಾಗದಲ್ಲೇ ಅವನು ಲೆಕ್ಕ ಬರೆದಿಟ್ಟಿದ್ದಾನೆ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅದಕ್ಕಾಗಿ ಸಂಜೆ ತರಗತಿಯಲ್ಲಿ ಅರಬ್ಬಿ ಶುರುಮಾಡಿದೆ, ಆದರೂ ಗೊಯ್ಟೈನ್ ಮತ್ತು ಮೊರ್ದೆಖಾಯ್ ಫ್ರೀಡ್‌ಮನ್ ಪ್ರಕಟಿಸಿದ ಪಾಠಗಳಿಲ್ಲದೆ ನಾನು ಒಂದು ಸಾಲೂ ದಾಟುತ್ತಿರಲಿಲ್ಲ. ಮೂಲದ ಫೋಟೋಗಳು ಕೇಂಬ್ರಿಜ್ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ. ಮಂಗಳೂರಿನ ಇತಿಹಾಸದಲ್ಲಿ ಆಸಕ್ತಿ ಇರುವವರು ಯಾಕೆ ಈ ಕಡೆ ಬರುವುದಿಲ್ಲವೋ ಗೊತ್ತಿಲ್ಲ.

ಇನ್ನು ದುಡ್ಡು. ನಾನು ಸೇರಿದಾಗ ಇಲ್ಲಿನವರಿಗೆ ಫೀಸು ವರ್ಷಕ್ಕೆ 9,000 ಪೌಂಡ್, ಈಗ 9,500 ದಾಟಿದೆ. ಜೆರೂಸಲೇಮಿನ ವರ್ಷಕ್ಕೆ ಬಹಳ ಕಡಿಮೆ. ನನ್ನದು ಸರ್ಕಾರಿ ಸಾಲ, ಸಂಬಳ ಒಂದು ಮಿತಿ ದಾಟಿದ ಮೇಲೆ, ಆ ಮೇಲಿನ ಹಣದಲ್ಲಿ ಶೇ. 9 ಕಟ್ ಆಗುತ್ತದೆ. ಊರಿನಿಂದ ನೇರವಾಗಿ ಬರುವವರಿಗೆ ಫೀಸು ಸುಮಾರು ಮೂರು ಪಟ್ಟು. ಸ್ಕಾಲರ್‌ಶಿಪ್ ಇಲ್ಲದೆ, ಸಾಲ ಮಾಡಿ ಇದಕ್ಕೆ ಬನ್ನಿ ಅಂತ ನಾನು ಹೇಳುವುದಿಲ್ಲ. ಜರ್ಮನ್ ಬರುತ್ತದೆ ಅಂತಾದರೆ ಹೈಡೆಲ್‌ಬರ್ಗ್‌ನಲ್ಲಿ ಇದೇ ವಿಷಯಕ್ಕೆ 1979ರಿಂದ ಪ್ರತ್ಯೇಕ ಕಾಲೇಜು ಇದೆ, ವಿಚಾರಿಸಿ. ನನ್ನ ಜೊತೆ ಓದಿದವರಲ್ಲಿ ಒಬ್ಬಳು ವಕೀಲೆ, ಒಬ್ಬ ಮ್ಯೂಸಿಯಂನಲ್ಲಿ, ಒಂದಿಬ್ಬರು ಶಾಲೆಯಲ್ಲಿ ಪಾಠ ಮಾಡುತ್ತಾರೆ. ನಾನು ಒಂದು ಗ್ರಂಥಾಲಯದಲ್ಲಿ ಹಳೇ ಹೀಬ್ರೂ ಪುಸ್ತಕಗಳ ಕ್ಯಾಟಲಾಗ್ ಮಾಡುತ್ತೇನೆ. ಸಂಬಳ ಐಟಿ ಅಣ್ಣಂದಿರ ಮುಂದೆ ಹೇಳುವಷ್ಟಿಲ್ಲ, ಅಮ್ಮ ಈಗೀಗ ಆ ವಿಷಯ ಎತ್ತುವುದಿಲ್ಲ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಸೆಫಾರಿಯಾ ಎಂಬ ಜಾಲತಾಣದಲ್ಲಿ ತಾಲ್ಮುದ್ ಮೂಲವೂ ಇಂಗ್ಲಿಷ್ ಅನುವಾದವೂ ಪುಕ್ಕಟೆ ಇದೆ. ಬಾವಾ ಮೆಟ್ಸಿಯಾದ ಮೊದಲ ಹಾಳೆ ತೆರೆದು, ಯಾರನ್ನಾದರೂ ಜೊತೆಗೆ ಕೂರಿಸಿಕೊಂಡು ಎರಡು ವಾರ ಓದಿ. ತಾಲ್ಮುದ್‌ನಲ್ಲಿ ಮೊದಲ ಹಾಳೆಯ ಸಂಖ್ಯೆ 2 ಅಂತಿರುತ್ತದೆ, ಗಾಬರಿಯಾಗಬೇಡಿ. ಬೇಜಾರು ಬಂದರೆ ಇತಿಹಾಸ ವಿಭಾಗಕ್ಕೆ ಹೋಗಿ, ಅಲ್ಲೂ ಯಹೂದಿ ಇತಿಹಾಸದ ಪತ್ರಿಕೆ ತೆಗೆದುಕೊಳ್ಳಬಹುದು. ಬೇಜಾರು ಬರದೆ ಇಬ್ಬರೂ ಜಗಳ ಶುರುಮಾಡಿದರೆ, ಅರ್ಜಿ ಹಾಕಿ. ಜೊತೆಗೆ ಆಕ್ಸ್‌ಫರ್ಡ್‌ನವರು 2021ರಿಂದ ಅಪರೂಪದ ಯಹೂದಿ ಭಾಷೆಗಳ ಆನ್‌ಲೈನ್ ತರಗತಿಗಳನ್ನು ಉಚಿತವಾಗಿ ನಡೆಸುತ್ತಿದ್ದಾರೆ. ಹೀಬ್ರೂ ಲಿಪಿಯಲ್ಲಿ ಬರೆಯುವ ಅರಬ್ಬಿಯೂ ಅದರಲ್ಲಿದೆ. ಸೇರುವ ಮೊದಲು ಹೀಬ್ರೂ ಅಕ್ಷರ ಓದಲಿಕ್ಕೆ ಬಂದರೆ ಒಳ್ಳೆಯದು.