ಕಕ್ಕಡದ ಮಳೆಯಲ್ಲಿ ಟಿ-55ಕ್ಕೆ ಬಣ್ಣ

"ಜೂನ್ ಬಂತು ಅಂದ್ರೆ ಏರ್‌ಬ್ರಷ್ ತೊಳೆದು ಒಳಗಿಡು ಗುರು, ಇನ್ನು ಜನವರಿಗೆ ನೋಡ್ಕೊಂಡ್ರಾಯ್ತು." ನನ್ನ ಹಾಗೇ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್ ಕಟ್ಟಿ ಬಣ್ಣ ಸಿಂಪಡಿಸುವ ಬೆಂಗಳೂರಿನ ಗೆಳೆಯರಿಂದ, ಮಳೆಗಾಲದ ತೇವಕ್ಕೆ ಬಣ್ಣ ಕೆಡುತ್ತದೆ ಅಂತ, ಈ ಬುದ್ಧಿಮಾತು ಕೇಳಿ ಕೇಳಿ ಐದಾರು ವರ್ಷ ಆಯಿತು. ಅವರಿಗೇನು, ಹೇಳಿಬಿಡುತ್ತಾರೆ. ನಮಗೆ ಜನವರಿ ಅಂದರೆ ಕಾಫಿ ಕುಯ್ಲು, ಕಣದಲ್ಲಿ ಕಾಫಿ ಹರಡುವುದು, ಆಳು ಸಿಗದ ತಲೆನೋವು. ಕೈ ಬಿಡುವಾಗುವುದೇ ಮಳೆಗಾಲದಲ್ಲಿ. ಈ ಸಲ ಹಟ ಹಿಡಿದು, ಕೊಡಗಿನ ಗಾಳಿಬೀಡಿನ ಕಡೆಯ ನಮ್ಮ ಮನೆಯಲ್ಲಿ, ಕಕ್ಕಡ (ಆಟಿ) ತಿಂಗಳ ನಡುಮಳೆಯಲ್ಲೇ ಸೋವಿಯತ್ ಟ್ಯಾಂಕ್ ಟಿ-55ರ 1/35 ಅಳತೆಯ ಮಾಡೆಲ್ ಮುಗಿಸಿದೆ. ಗಾಳಿಯ ತೇವ ಅಳೆಯುವ ಗೋಡೆಯ ಹೈಗ್ರೋಮೀಟರ್ ಆಗ ಶೇಕಡಾ 94 ತೋರಿಸುತ್ತಿತ್ತು. ಫೋಟೊ ಕಳಿಸಿದ ಮೇಲೆ ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ಒಬ್ಬ ಕೇಳಿದ: "ಬಲ್ಬ್ ಎಷ್ಟು ವಾಟ್?"

ಯಾವ ಕಂಪನಿಯ ಕಿಟ್ ಅಂತ ಹೇಳುವುದಿಲ್ಲ, ಹೇಳಿದರೆ ಅದರ ಮೇಲೇ ಜಗಳ ಶುರುವಾಗುತ್ತದೆ. 4,500 ರೂಪಾಯಿ ಆಸುಪಾಸು ಬಿತ್ತು. ಕೊರಿಯರ್‌ನವನು ಅದನ್ನು ಮಡಿಕೇರಿಯಲ್ಲೇ ಇಟ್ಟುಕೊಂಡು, "ಮಳೆ, ರೋಡ್ ಸರಿ ಇಲ್ಲ" ಅಂದ. ಹೋಗಿ ತರಬೇಕಾಯಿತು, ಜೀಪಿನ ಡೀಸೆಲ್ ಬೇರೆ ಖರ್ಚು. ಹೋದವನು ಹಾಗೇ ಸನ್ನಿಸೈಡ್‌ಗೂ ಹೊಕ್ಕು ಬಂದೆ. ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ಮ್ಯೂಸಿಯಂ ಆಗಿದೆಯಲ್ಲ, ಅದರ ಅಂಗಳದಲ್ಲಿ ಟಿ-55 ನಿಂತಿದೆ. ಮೊದಲನೇ ಚಕ್ರಕ್ಕೂ ಎರಡನೇ ಚಕ್ರಕ್ಕೂ ನಡುವಿನ ಆ ದೊಡ್ಡ ಸಂದು, ಎಡ ಫೆಂಡರ್ (ಟ್ರ್ಯಾಕಿನ ಮೇಲಿನ ತಗಡು) ಮೇಲಿನ ಎಕ್ಸಾಸ್ಟ್, ಎರಕ ಹೊಯ್ದ ಟರೆಟ್ಟಿನ (ಫಿರಂಗಿಯೊಡನೆ ತಿರುಗುವ ತಲೆಯ) ಒರಟು ಮೈ, ಎಲ್ಲ ಕಣ್ಣಾರೆ ನೋಡಿಕೊಳ್ಳಬಹುದು. ವೆದರಿಂಗ್‌ಗೆ, ಅಂದರೆ ಬಳಸಿ ಸವೆದ ಗಾಡಿಯ ಹಾಗೆ ಕಾಣಿಸುವ ಕೆಲಸಕ್ಕೆ, ಮಾತ್ರ ಅದು ಪ್ರಯೋಜನವಿಲ್ಲ. ಪ್ರದರ್ಶನಕ್ಕಿಟ್ಟ ಟ್ಯಾಂಕ್ ಅಂದಮೇಲೆ ಬಳಿದು ಚೊಕ್ಕಟವಾಗಿಡುತ್ತಾರೆ. ಕೆಸರಿನ ಪಾಠ ನಾನು ಕಲಿತದ್ದು ನಮ್ಮ ಜೀಪಿನಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸೋತ ಕಥೆ. ನಾಲ್ಕು ವರ್ಷದ ಹಿಂದೆ ಒಂದು ಬಿಎಂಪಿ-1ಕ್ಕೆ (ಸೈನಿಕರನ್ನು ಸಾಗಿಸುವ ಟ್ರ್ಯಾಕ್ ಗಾಡಿ) ಜುಲೈನಲ್ಲಿ ಸ್ಪ್ರೇ ಡಬ್ಬಿಯ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದೆ. ಹತ್ತು ನಿಮಿಷದಲ್ಲಿ ಗಾಡಿಯ ಮೇಲೆಲ್ಲ ಮಂಜು ಇಳಿದ ಹಾಗೆ ಬೆಳ್ಳಗೆ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂರುತ್ತದೆ, ಗೊತ್ತಿರುವ ವಿಷಯವೇ. ಆವಿಯಾಗುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಿದ ಲ್ಯಾಕರ್ ಥಿನ್ನರ್ ತೆಳ್ಳಗೆ ಬೀಸಿ ಮುಕ್ಕಾಲು ಪಾಲು ಉಳಿಸಿಕೊಂಡೆ. ಮಾರನೇ ವರ್ಷ ಇನ್ನೊಂದು ಗಾಡಿಗೆ ಹೇರ್‌ಸ್ಪ್ರೇ ಚಿಪ್ಪಿಂಗ್, ಅಂದರೆ ಬಣ್ಣ ಚಕ್ಕೆಯೆದ್ದು ಒಳಗಿನ ತುಕ್ಕು ಕಾಣುವ ಹಾಗೆ ಮಾಡುವುದು. ತುಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಹಸಿರು, ಆಮೇಲೆ ನೀರು ಸವರಿ ಬ್ರಷ್‌ನಿಂದ ಕೆರೆಯುವುದು. ಹೇರ್‌ಸ್ಪ್ರೇ ನೀರಿನಲ್ಲಿ ಕರಗುವ ವಸ್ತು. ನಮ್ಮ ಗಾಳಿಯೇ ನೀರು! ಒಣಗಿದೆ ಅಂದುಕೊಂಡದ್ದು ಒಳಗೆ ಅಂಟಂಟಾಗೇ ಇತ್ತು. ಬ್ರಷ್ ಆಡಿಸಿದ್ದೇ ತಡ, ಸೈಡ್ ಪ್ಲೇಟಿನ ಹಸಿರೆಲ್ಲ ಬಾಳೆಲೆ ಸುಲಿದ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂತು. ಅದಾದ ಮೇಲೆ ಹೆದರಿ ಹಸಿರನ್ನು ಲ್ಯಾಕರ್ ಥಿನ್ನರ್‌ನಲ್ಲಿ ಕಲಸಿ ಹೊಡೆದೆ. ಆಗ ಉಗುರಿನಿಂದ ಕೆರೆದರೂ ಒಂದು ಚೂರು ಏಳಲಿಲ್ಲ. ಎರಡು ಗಾಡಿ, ಸುಮಾರು 7,000 ರೂಪಾಯಿ, ಎರಡು ಮಳೆಗಾಲ ನೀರುಪಾಲು.

ಪರಿಹಾರ ಮನೆಯ ಅಟ್ಟದಲ್ಲೇ ಇತ್ತು. ಅವ್ವನ ತಮ್ಮ, ನಮ್ಮ ಮಾವ, ಮಿಲಿಟರಿಯಿಂದ ಬರುವಾಗ ತಂದ ಕರಿ ತಗಡಿನ ಟ್ರಂಕ್. ಮೇಲೆ ಅವರ ನಂಬರ್ ಬಿಳಿ ಬಣ್ಣದಲ್ಲಿ ಇನ್ನೂ ಇದೆ. ಕ್ಯಾಮೆರಾಕ್ಕೆ ಬೂಷ್ಟು ಹಿಡಿಯದಂತೆ ಬಲ್ಬಿನ ಪೆಟ್ಟಿಗೆಯಲ್ಲಿಡುವುದು ನಮ್ಮ ಕಡೆ ಹೊಸದಲ್ಲ. ಅದನ್ನೇ ಟ್ಯಾಂಕಿಗೆ ಯಾಕೆ ಮಾಡಬಾರದು ಅಂತ ಹೊಳೆಯಿತು. "ಪ್ಲಾಸ್ಟಿಕ್ ಹಪ್ಪಳ ಆಗುತ್ತೆ" ಅಂತ ಎಲ್ಲರೂ ನಕ್ಕರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಮೊದಲು 100 ವಾಟ್ ಬಲ್ಬ್ ಹಾಕಿ ಹಳೇ ಬಿಎಂಪಿಯನ್ನು ಒಳಗಿಟ್ಟೆ. ಬೆಳಿಗ್ಗೆ ನೋಡಿದರೆ ಬಲ್ಬಿನ ಕಡೆಯ ಫೆಂಡರ್ ಒಣ ಎಲೆಯ ಹಾಗೆ ಮುದುಡಿತ್ತು.

ತಪ್ಪು ಬಿಸಿಗಾಳಿಯದಲ್ಲ, ಬಲ್ಬಿನ ನೇರ ಝಳದ್ದು. 60 ವಾಟ್‌ಗೆ ಇಳಿಸಿದೆ, ಬಲ್ಬಿಗೂ ಮಾಡೆಲ್ಲಿಗೂ ನಡುವೆ ಒಂದು ಹಂಚಿನ ತುಂಡು ನಿಲ್ಲಿಸಿದೆ. ಟ್ರಂಕಿನ ಒಂದು ಪಕ್ಕ ಕೆಳಗೆ ನಾಲ್ಕು ತೂತು, ಎದುರು ಪಕ್ಕ ಮೇಲೆ ನಾಲ್ಕು ತೂತು. ತಳದಿಂದ ಒಂದು ಗೇಣು ಎತ್ತರಕ್ಕೆ ತಂತಿ ಬಲೆ. ನಳಿಗೆ ಸೇರಿ 9 ಮೀಟರ್ ಉದ್ದದ ಟ್ಯಾಂಕ್ 35ರಲ್ಲಿ ಒಂದು ಪಾಲಾದಾಗ 26 ಸೆಂಟಿಮೀಟರ್‌ಗೆ ಸ್ವಲ್ಪ ಕಡಿಮೆ, ಆರಾಮಾಗಿ ಕೂರುತ್ತದೆ. ಒಳಗೆ ಶಾಖ 40 ಡಿಗ್ರಿ ಸುತ್ತಮುತ್ತ, ತೇವ 35ಕ್ಕೆ ಇಳಿಯಿತು. ಗಾಳಿ ಬಿಸಿಯಾದರೆ ಸಾಕು, ತೇವದ ಮುಳ್ಳು ತಾನಾಗೇ ಬೀಳುತ್ತದೆ. ಹೋಲ್ಡರ್, ವೈರು, ಬಲೆ ಎಲ್ಲ ಸೇರಿ 300 ರೂಪಾಯಿ ಆಗಿಲ್ಲ. ಲ್ಯಾಕರ್ ಹೊಡೆದ ತಕ್ಷಣ ಮಾತ್ರ ಒಳಗಿಡಬೇಡಿ. ಕಾಲು ಗಂಟೆ ಹೊರಗೇ ಇಟ್ಟು ವಾಸನೆ ಹೋಗಲು ಬಿಡಿ. ಒಮ್ಮೆ ಅವಸರ ಮಾಡಿ ಮುಚ್ಚಳ ತೆಗೆದಾಗ ಬಂದ ಹಬೆಗೆ ತಲೆ ಸುತ್ತಿತು. ಆ ಹಬೆಯಿದ್ದ ಜಾಗದಲ್ಲೇ ಬಿಸಿ ಬಲ್ಬ್ ಉರಿಯುತ್ತಿತ್ತು ಅನ್ನುವುದು ನೆನಪಾದದ್ದು ರಾತ್ರಿ ಮಲಗಿದ ಮೇಲೆ.

ಇಷ್ಟಾದ ಮೇಲೆ ಹೇರ್‌ಸ್ಪ್ರೇ ಹೇಳಿದ ಹಾಗೆ ಕೇಳಿತು. ತೆಳ್ಳಗೆ ಎರಡು ಕೋಟ್, ಪ್ರತಿ ಕೋಟಿಗೂ ಟ್ರಂಕಿನಲ್ಲಿ ಅರ್ಧ ಗಂಟೆ. ಮೇಲಿನ ಹಸಿರಿಗೆ ಟಾಮಿಯಾ ಕಂಪನಿಯ ಎಕ್ಸ್‌ಎಫ್-58 (ಆಲಿವ್ ಹಸಿರು), ಅದಕ್ಕೆ ಸ್ವಲ್ಪ ಎಕ್ಸ್‌ಎಫ್-4 (ಹಳದಿ ಹಸಿರು), ಇನ್ನೊಂದು ಬಣ್ಣದ ಎರಡು ಹನಿ. ಆ ಇನ್ನೊಂದು ಯಾವುದು ಅನ್ನುವುದು ನನ್ನಲ್ಲೇ ಇರಲಿ. ಸೋವಿಯತ್ ಸೇನೆಯ ಹಸಿರು ಅಂತ ಎಲ್ಲರೂ ಗಾಢ ಮಾಡುತ್ತಾರೆ. ಇಷ್ಟು ಚಿಕ್ಕ ಅಳತೆಯಲ್ಲಿ, ಮೇಲೆ ವಾಶ್ (ನೀರಾಗಿ ಕಲಸಿದ ಕಡು ಬಣ್ಣ) ಬೇರೆ ಬೀಳುವಾಗ, ಅದು ಕಪ್ಪೇ ಆಗಿಬಿಡುತ್ತದೆ. ಕಲಸಿದ್ದು ಟಾಮಿಯಾದ್ದೇ ಎಕ್ಸ್-20ಎ ಥಿನ್ನರ್‌ನಲ್ಲಿ, ಲ್ಯಾಕರ್ ಥಿನ್ನರ್‌ನಲ್ಲಲ್ಲ. ಕೆರೆಯುವ ಕೆಲಸ ಒಂದು ಗಂಟೆಯೊಳಗೆ ಮುಗಿಯಬೇಕು.

ಎಲ್ಲಿ ಕೆರೆಯಬೇಕು ಅನ್ನುವುದರಲ್ಲಿ ಮಾವ ನನಗೆ ಬೈದರು. ಅವರು ಸೇನೆಯ ರಿಪೇರಿ ವಿಭಾಗವಾದ ಇಎಂಇಯಲ್ಲಿ ಟ್ಯಾಂಕ್ ರಿಪೇರಿ ಮಾಡಿದವರು. ನಾನು ಸೈಡಿನಲ್ಲೆಲ್ಲ ಚುಕ್ಕಿ ಚುಕ್ಕಿ ತುಕ್ಕು ಎಬ್ಬಿಸಿದ್ದನ್ನು ನೋಡಿ, "ಇದೇನೋ, ಗುಜರಿಗೆ ಹಾಕಿದ್ದಾ? ಓಡೋ ಟ್ಯಾಂಕಿಗೆ ಇಷ್ಟು ತುಕ್ಕು ಬಂದ್ರೆ ನಮ್ಮ ಸುಬೇದಾರ್ ಸಾಹೇಬ್ರು ಸುಮ್ನೆ ಬಿಡ್ತಿದ್ರಾ?" ಅಂದರು. ಬಣ್ಣ ಸವೆಯುವುದು ಜನ ಕೈ ಹಾಕುವಲ್ಲಿ, ಬೂಟು ಇಡುವಲ್ಲಿ: ಟರೆಟ್ಟಿನ ಸುತ್ತಿನ ಹಿಡಿಕಂಬಿ, ಹ್ಯಾಚಿನ ಅಂಚು, ಡ್ರೈವರ್ ಹತ್ತುವ ಮೂಲೆ. ಉಳಿದದ್ದೆಲ್ಲ ಧೂಳು, ಗ್ರೀಸು, ಡೀಸೆಲ್. ಸೈಡಿನ ಚುಕ್ಕಿಗಳನ್ನೆಲ್ಲ ತಿರುಗಿ ಹಸಿರಿನಿಂದ ಮುಚ್ಚಿದೆ, ಒಂದು ಭಾನುವಾರ ಪೂರ್ತಿ. ಟ್ರ್ಯಾಕಿಗೂ ಇದೇ ಮಾತು. ಕಿತ್ತಳೆ ಬಣ್ಣದ ಟ್ರ್ಯಾಕ್ ನೋಡಿದರೆ ನನಗೆ ಈಗ ಮೈ ಉರಿಯುತ್ತದೆ. ಅದು ಮ್ಯಾಂಗನೀಸ್ ಉಕ್ಕು. ಕಂದು ಕಪ್ಪು ಬಣ್ಣ, ಚಕ್ರ ಉರುಳುವಲ್ಲಿ ಪೆನ್ಸಿಲ್ ಸೀಸದ ಹೊಳಪು, ಅಷ್ಟು ಸಾಕು. ಬದಿಗೆ ತೊಂಬತ್ತರ ಹತ್ತಿರ ಕೊಂಡಿ, ಜೋಡಿಸಲು ನಾಲ್ಕು ಸಂಜೆ. ಈ ಟ್ಯಾಂಕಿಗೆ ಮೇಲೆ ರಿಟರ್ನ್ ರೋಲರ್ ಇಲ್ಲ, ಟ್ರ್ಯಾಕ್ ಚಕ್ರಗಳ ಮೇಲೇ ಜೋಲು ಬೀಳಬೇಕು. ನಾನು ಮೊದಲು ವೀಣೆಯ ತಂತಿಯ ಹಾಗೆ ಬಿಗಿದು, ಮತ್ತೆ ಒಂದೊಂದು ಕೊಂಡಿ ಸೇರಿಸಿದೆ.

ವಾಶ್‌ನಲ್ಲೂ ಒಂದು ಪೆಟ್ಟು ತಿಂದೆ. ಆಯಿಲ್ ಬಣ್ಣ ಕ್ಯಾಮ್ಲಿನ್‌ನದೇ, ಬರ್ಂಟ್ ಅಂಬರ್. ರಟ್ಟಿನ ಮೇಲೆ ಒಂದು ಗಂಟೆ ಬಿಟ್ಟು ಎಣ್ಣೆ ಹೀರಿಸಿದ್ದು. ಬಣ್ಣದಲ್ಲಿ ತೊಂದರೆ ಇರಲಿಲ್ಲ. ಉಳಿತಾಯ ಅಂತ ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್ ಬಳಸಿದೆ. ಚಕ್ರದ ಹಿಂದಿನ ತೋಳುಗಳಿಗೆ ಬಣ್ಣ ಸರಿಯಾಗಿ ತಾಗಿರಲಿಲ್ಲ. ಅಲ್ಲಿ ಅದು ನಿಂತು ಪ್ಲಾಸ್ಟಿಕ್ಕಿಗೆ ಇಳಿದು, ಎರಡು ತೋಳು ಟಕ್ಕಂತ ಮುರಿದವು. ಪಿನ್ ಹಾಕಿ ಕೂರಿಸಿದೆ. ಈಗ ಚಿತ್ರಕಲಾವಿದರ ವಾಸನೆಯಿಲ್ಲದ ಥಿನ್ನರೇ, ಸಣ್ಣ ಶೀಷೆಗೆ 250 ಕೊಟ್ಟರೂ ಸರಿ.

ಕೆಸರಿಗೆ ಬಂದೆ. ಮೊದಲ ಸಲ ತೋಟದ ಕೆಂಪು ಮಣ್ಣನ್ನೇ ಅಂಟಿಸಿದ್ದೆ. ರಷ್ಯಾದ ಟ್ಯಾಂಕ್ ಇಟ್ಟಿಗೆ ಗೂಡಿನಿಂದ ಎದ್ದು ಬಂದ ಹಾಗೆ ಕಂಡಿತು. ಸಾಲದ್ದಕ್ಕೆ ಮೂರು ವಾರದಲ್ಲಿ ಅದರ ಮೇಲೆ ಬಿಳಿ ಬೂಷ್ಟು. ಈ ಸಲ ಗದ್ದೆಯ ತಳದ ಬೂದುಗಂದು ಗೋಡುಮಣ್ಣು ತಂದು, ಹಳೇ ಕಾವಲಿಯಲ್ಲಿ ಹೊಗೆ ನಿಲ್ಲುವವರೆಗೆ ಹುರಿದೆ. ಬೂಷ್ಟಿನ ಬೇರು ಸುಡಬೇಕು, ಅದಕ್ಕೆ. ಆಮೇಲೆ ಕುಟ್ಟಿ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಕಲ್ಲು ಅಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್, ಹಾಗಾಗಿ ಸೋಸದ ಮಣ್ಣು ಜಲ್ಲಿಯಾಗಿ ಕಾಣುತ್ತದೆ. ಮ್ಯಾಟ್ ಮೀಡಿಯಂ (ಹೊಳಪಿಲ್ಲದ ಅಂಟು ದ್ರವ), ಚಿಟಿಕೆ ಪ್ಲಾಸ್ಟರ್, ಬೇಕಾದ ಪಿಗ್ಮೆಂಟ್ (ಬಣ್ಣದ ಪುಡಿ) ಸೇರಿಸಿದರೆ ಕೆಸರು ಸಿದ್ಧ. ನಮ್ಮ ಮಣ್ಣು ಇಲ್ಲಿ ಕಣಕ್ಕೆ ಮಾತ್ರ, ಬಣ್ಣ ಪಿಗ್ಮೆಂಟಿನದು.

ಎಲ್ಲರೂ ತಪ್ಪುವುದು ಒಂದೇ ಬಣ್ಣದ ಕೆಸರು ಮೆತ್ತಿ. ಆಳುಗಳನ್ನು ಬಿಟ್ಟು ಬಂದ ಜೀಪನ್ನು ಶೆಡ್ಡಿನಲ್ಲಿ ನಿಲ್ಲಿಸಿ ಮಾರನೇ ಬೆಳಿಗ್ಗೆ ನೋಡಿ. ಚಕ್ರದ ಕಮಾನಿನಲ್ಲಿ ಮೊನ್ನೆಯದು ಬಿಸ್ಕತ್ತಿನ ಬಣ್ಣಕ್ಕೆ ಒಣಗಿ ಬಿರಿದಿರುತ್ತದೆ, ಅದರ ಮೇಲೆ ನಿನ್ನೆಯ ಹನಿಗಳು ಕಡು ಕಂದಾಗಿ, ತಲೆ ದಪ್ಪ ಬಾಲ ಸಣ್ಣ, ಹಿಂದಕ್ಕೆ ಓಡಿರುತ್ತವೆ. ಒಣಗಿದ ಹೆಂಟೆ ಕಳಚಿದ ಕಡೆ ಕೆಳಗಿನ ಬಣ್ಣಕ್ಕೆ ತೆಳು ಧೂಳಿನ ವೃತ್ತ. ನಾನು ಮೂರು ಪದರ ಹಾಕಿದೆ, ತಿಳಿಯದು ಮೊದಲು, ಕಡುವಾದದ್ದು ಕೊನೆಗೆ, ಕಡೆಯ ಚಿಮುಕಿಗೆ ಮಾತ್ರ ಹೊಳಪು ವಾರ್ನಿಷ್. ಪ್ರತಿ ಪದರಕ್ಕೂ ಟ್ರಂಕಿನಲ್ಲಿ ಒಂದು ರಾತ್ರಿ. ಹೊರಗೆ ಇಟ್ಟಿದ್ದರೆ ಒಂದೊಂದಕ್ಕೆ ನಾಲ್ಕು ದಿನ.

ನಡುವೆ ಕೆಲವು ಹುಚ್ಚಾಟಗಳೂ ಆದವು. ನಿಜವಾದ ತುಕ್ಕಿನ ಪುಡಿ ಮಾಡೋಣ ಅಂತ ಸ್ಟೀಲ್ ವುಲ್ ಅನ್ನು ಅವ್ವನ ಕಾಚಂಪುಳಿಯಲ್ಲಿ (ನಮ್ಮ ಕೊಡಗಿನ ಗಟ್ಟಿ ಹುಳಿರಸ) ನೆನೆಹಾಕಿದೆ. ಅಷ್ಟು ಹುಳಿ ಇದೆ, ಕಬ್ಬಿಣ ತಿನ್ನದೆ ಇರುತ್ತದೆಯೇ? ತಿಂದಿತು. ತುಕ್ಕು ಬರಲಿಲ್ಲ, ಬರೆಯುವ ಶಾಯಿಯ ಹಾಗೆ ಕಪ್ಪು ರಸ ಬಂತು. "ಪಂದಿ ಕರಿಗೆ ಇಟ್ಟಿದ್ದು ಕಣೋ ಅದು!" ಅಂತ ಅವ್ವ ಎರಡು ದಿನ ಮಾತು ಬಿಟ್ಟರು. ಆ ಕಪ್ಪು ರಸ ಮರದ ಮೇಲೆ ಹಳೇ ಬಣ್ಣ ಕೊಡಲು ಸೊಗಸಾಗಿದೆ, ಒಂದು ಶೀಷೆ ಎತ್ತಿಟ್ಟಿದ್ದೇನೆ. ತುಕ್ಕಿಗೆ ಅಂಗಡಿಯ ಬಿಳಿ ವಿನೆಗರ್‌ಗೆ ಉಪ್ಪು ಸೇರಿಸಿದ್ದೇ ಸರಿಹೋಯಿತು. ಕಕ್ಕಡ 18ಕ್ಕೆ ಪಾಯಸ ಮಾಡುವಾಗ ಉಳಿದ ಮದ್ದು ಸೊಪ್ಪಿನ ನೇರಳೆ ರಸವನ್ನು ಹಸಿರಿನ ಮೇಲೆ ಫಿಲ್ಟರ್ (ಛಾಯೆ ಬದಲಿಸುವ ತೆಳು ಲೇಪ) ಆಗಿ ಹಚ್ಚಿಯೂ ನೋಡಿದೆ. ಎರಡು ದಿನ ಅದ್ಭುತ, ಎರಡು ವಾರದಲ್ಲಿ ಮಾಯ. ಬೆಲ್ಲದ ಕಾಫಿಯ ವಾಶ್ ಬಗ್ಗೆ ಕೇಳಬೇಡಿ, ಇರುವೆ ಬಂದವು.

ಕರೆಂಟ್ ಹೋದಾಗ ಟ್ರಂಕ್ ಏನು ಮಾಡಿದೆ ಅಂತ ಕೇಳುವವರಿಗೆ: ಆಗಸ್ಟ್‌ನಲ್ಲಿ ಮರ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಮಾಡೆಲ್ ಅನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಒಣಗಿತು, ಜೊತೆಗೆ ಫೆಂಡರ್ ಮೇಲೆ ಇಲ್ಲಣ ಕೂತಿತು. ಒರೆಸಲು ಹೋದರೆ ಎಣ್ಣೆಗಪ್ಪಿನ ಗೆರೆ ಎಳೆಯಿತು, ಎಕ್ಸಾಸ್ಟ್ ಮಸಿ ಅಂದರೆ ಇದೇ! ಪಿಗ್ಮೆಂಟ್ ಕಪ್ಪು ಒಣ ಒಣ, ಡೀಸೆಲ್ ಮಸಿಯ ಜಿಡ್ಡು ಅದಕ್ಕಿಲ್ಲ. ಅಟ್ಟದಿಂದ ಒಂದು ಚಮಚ ಇಲ್ಲಣ ಕೆರೆದು ಕಲಸಿಟ್ಟುಕೊಂಡಿದ್ದೇನೆ. ಯಾವುದರಲ್ಲಿ ಕಲಸಿದೆ ಅನ್ನುವುದು ಇನ್ನೆರಡು ಗಾಡಿ ಆದ ಮೇಲೆ ಹೇಳುತ್ತೇನೆ. ಮಾವ ಕನ್ನಡಕ ಹಾಕಿಕೊಂಡು ಎಡ ಫೆಂಡರನ್ನೇ ಬಹಳ ಹೊತ್ತು ನೋಡಿದರು. "ಇಂಜಿನ್ ಆಯಿಲ್ ಕುಡೀತಿದೆ ಇದು" ಅಂದು ಎದ್ದು ಹೋದರು.

ಒಟ್ಟು ಲೆಕ್ಕ ಹೇಳುವುದಾದರೆ ಕಿಟ್, ಬಣ್ಣ, ಹೇರ್‌ಸ್ಪ್ರೇ, ಥಿನ್ನರ್ ಎಲ್ಲ ಸೇರಿ 8,000 ದಾಟಿದೆ, ಏರ್‌ಬ್ರಷ್ ಕಂಪ್ರೆಸರ್ ಬಿಟ್ಟು. ಆರು ವಾರದ ಕೆಲಸ. ಹಿಂಬದಿಗೆ ಕಟ್ಟಿದ ದಿಮ್ಮಿ, ಕೆಸರಲ್ಲಿ ಹೂತರೆ ಟ್ರ್ಯಾಕಿನಡಿ ಕೊಡುವುದು, ಅದು ಮಾತ್ರ ಪುಕ್ಕಟೆ: ರೊಬಸ್ಟಾ ಗಿಡದ ಕಡ್ಡಿ, ಸಿಪ್ಪೆಯ ಬಿರುಕು ಅಳತೆಗೆ ಸರಿಯಾಗಿ ಕೂರುತ್ತದೆ. ಅಷ್ಟೆಲ್ಲ ಹುರಿದು ಒಣಗಿಸಿ ಮಾಡಿದ ಟ್ಯಾಂಕಿಗೆ ಅಕ್ಟೋಬರ್‌ನಲ್ಲಿ ಬೂಷ್ಟು ಬಂದದ್ದು ಅದೊಂದಕ್ಕೇ, ಹುರಿಯದೆ ಬಿಟ್ಟದ್ದು ಅದೊಂದನ್ನೇ. ಕಿತ್ತು ಕಾವಲಿಯ ಮೇಲೆ ಉರುಳಿಸಿ ತಿರುಗಿ ಕಟ್ಟಿದ್ದೇನೆ.