ಒಂದು ಗ್ರಾಂ ಸೆಫ್ಟ್ರಿಯಾಕ್ಸೋನ್ ಕೊಡುವ ಮುಂಚೆ

ರಾಜಾಜಿನಗರದ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಸ್ಟಾಫ್ ನರ್ಸ್. ಬೆಳಗಿನ ಡ್ಯೂಟಿಗೆ ಬಂದ ತಕ್ಷಣ ಮೆಡಿಸಿನ್ ಟ್ರೇ ಜೋಡಿಸುತ್ತೇನೆ. ಅದರಲ್ಲಿ ಸೆಫ್ಟ್ರಿಯಾಕ್ಸೋನ್ ಇಲ್ಲದ ದಿನವೇ ಇಲ್ಲ ಅನ್ನಬಹುದು. ಇದು ಆಂಟಿಬಯೋಟಿಕ್ ಇಂಜೆಕ್ಷನ್, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ. ಪುಟ್ಟ ಗಾಜಿನ ವಯಲ್, ಒಳಗೆ ಪುಡಿ. ನ್ಯುಮೋನಿಯಾಗೆ, ಟೈಫಾಯಿಡ್‌ಗೆ, ಕಿಡ್ನಿವರೆಗೆ ಏರಿದ ಮೂತ್ರದ ಸೋಂಕಿಗೆ, ಕೆಲವು ಆಪರೇಷನ್‌ಗಳಿಗೆ ಮುಂಚೆ ಇದನ್ನೇ ಬರೆಯುತ್ತಾರೆ. ಮೈಯಲ್ಲಿ ತುಂಬಾ ಹೊತ್ತು ಉಳಿಯುವುದರಿಂದ ಹೆಚ್ಚಿನ ಕಾಯಿಲೆಗಳಿಗೆ ದಿನಕ್ಕೆ ಒಂದೇ ಸಲ ಕೊಟ್ಟರೆ ಸಾಕು.

ದಿನವೂ ಮುಟ್ಟುವ ಔಷಧಿ ಅಂತ ನಾನೂ ಒಮ್ಮೆ ಸಲಿಗೆ ತೋರಿಸಿದ್ದೆ. ಕೆಲಸಕ್ಕೆ ಸೇರಿದ ಹೊಸತು, ಬೇರೆ ಆಸ್ಪತ್ರೆ. ಪೇಶೆಂಟ್‌ಗೆ ಆರ್.ಎಲ್., ಅಂದರೆ ರಿಂಗರ್ ಲ್ಯಾಕ್ಟೇಟ್ ಅನ್ನುವ ಲವಣದ ನೀರಿನ ಡ್ರಿಪ್ ಹೋಗುತ್ತಿತ್ತು. ನಾನು ಔಷಧಿ ಕರಗಿಸಿಕೊಂಡು ಅದೇ ಲೈನಿಗೆ ಒತ್ತಲು ಶುರು ಮಾಡಿದೆ. ಎರಡು ಎಂ.ಎಲ್. ಹೋಗಿತ್ತೋ ಏನೋ, ಟ್ಯೂಬಿನ ಒಳಗೆ ಸುಣ್ಣದ ನೀರು ಕದಡಿದ ಹಾಗೆ ಬೆಳ್ಳಗಾಯಿತು. ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್ "ನಿಲ್ಸು, ನಿಲ್ಸು" ಅಂತ ಓಡಿ ಬಂದು ಲೈನ್ ಮುಚ್ಚಿದರು. ಐವಿ ಸೆಟ್ಟು, ರಕ್ತನಾಳಕ್ಕೆ ಹಾಕಿದ್ದ ಕ್ಯಾನುಲಾ ಎಲ್ಲಾ ಬದಲಾಯಿಸಿ, ಡಾಕ್ಟರಿಗೆ ಹೇಳಿದೆವು. ಪೇಶೆಂಟ್‌ಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಸಂಜೆವರೆಗೂ ನಡುಗುತ್ತಿತ್ತು.

ಆರ್.ಎಲ್.ನಲ್ಲಿ ಕ್ಯಾಲ್ಸಿಯಂ ಇದೆ. ಸೆಫ್ಟ್ರಿಯಾಕ್ಸೋನ್ ಅದರ ಜೊತೆ ಸೇರಿದರೆ ಕರಗದ ಹರಳಾಗಿ ನಿಲ್ಲುತ್ತದೆ. ನವಜಾತ ಶಿಶುಗಳಲ್ಲಿ ಈ ಹರಳು ಶ್ವಾಸಕೋಶ, ಕಿಡ್ನಿಗಳಲ್ಲಿ ಕೂತು ಜೀವ ಹೋದದ್ದೂ ಇದೆ. ಅದಕ್ಕೇ ಹುಟ್ಟಿ 28 ದಿನ ದಾಟದ ಮಗುವಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ಹೋಗುತ್ತಿದ್ದರೆ ಈ ಔಷಧಿ ಕೊಡುವ ಹಾಗೇ ಇಲ್ಲ. ಕಾಮಾಲೆ ಇರುವ ಎಳೆ ಮಗುವಿಗೂ ಬೇಡ. ದೊಡ್ಡವರಿಗೆ ನಾನು ಮಾಡುವುದು ಇಷ್ಟು: ಆರ್.ಎಲ್. ನಿಲ್ಲಿಸುತ್ತೇನೆ, ನಾರ್ಮಲ್ ಸಲೈನ್‌ನಿಂದ ಲೈನ್ ತೊಳೆಯುತ್ತೇನೆ, ಔಷಧಿ ಕೊಟ್ಟ ಮೇಲೆ ಮತ್ತೆ ತೊಳೆಯುತ್ತೇನೆ. ಎಷ್ಟೇ ಗಡಿಬಿಡಿ ಇರಲಿ, ಇದನ್ನು ಬಿಟ್ಟಿಲ್ಲ.

ವಯಲ್ ಒಡೆಯುವ ಮುಂಚೆ ಕೇಳುವ ಪ್ರಶ್ನೆಯೂ ಅಷ್ಟೇ ಮುಖ್ಯ. "ಅಲರ್ಜಿ ಇದೆಯಾ?" ಅಂದರೆ ಎಲ್ಲರೂ "ಇಲ್ಲ" ಅಂತಾರೆ. ಹೋದ ಸಲ ಒಬ್ಬ ಹಿರಿಯರೂ ಹಾಗೇ ಅಂದರು. ನಾನು ಬೇರೆ ಥರ ಕೇಳಿದೆ: "ಯಜಮಾನ್ರೇ, ಯಾವುದಾದ್ರೂ ಮಾತ್ರೆ ತಗೊಂಡು ಮೈ ಕಡಿತ, ಮುಖ ಊದೋದು ಆಗಿತ್ತಾ?" ಆಗ ಮಗಳು ಹೇಳಿದರು, "ಅಪ್ಪಾ, ಹಲ್ಲು ಕೀಳಿಸಿದಾಗ ಮೈಯೆಲ್ಲಾ ದದ್ದು ಎದ್ದಿತ್ತಲ್ಲ?" ಹಳೇ ಚೀಟಿ ತರಿಸಿ ನೋಡಿದರೆ ಅಮಾಕ್ಸಿಸಿಲಿನ್, ಅಂದರೆ ಪೆನ್ಸಿಲಿನ್ ಜಾತಿ. ಸೆಫ್ಟ್ರಿಯಾಕ್ಸೋನ್ ಅದಕ್ಕೆ ದೂರದ ನೆಂಟ. ವಯಲ್ ಟ್ರೇಗೆ ವಾಪಸ್ ಇಟ್ಟು ಡಾಕ್ಟರಿಗೆ ಫೋನ್ ಮಾಡಿದೆ. ಪೆನ್ಸಿಲಿನ್ ಆಗದವರಿಗೆಲ್ಲಾ ಸೆಫ್ಟ್ರಿಯಾಕ್ಸೋನ್ ಆಗುವುದಿಲ್ಲ ಅಂತೇನಿಲ್ಲ, ಆ ಸಾಧ್ಯತೆ ಕಡಿಮೆಯೇ. ಆದರೆ ಅದನ್ನು ತೂಗಿ ನೋಡಬೇಕಾದವರು ಡಾಕ್ಟರು. ಅವರಿಗೆ ವಿಷಯ ಮುಟ್ಟಿಸುವುದು ನನ್ನ ಕೆಲಸ.

ಚರ್ಮಕ್ಕೆ ಚೂರೇ ಚೂರು ಔಷಧಿ ಚುಚ್ಚಿ ನೋಡುವ ಟೆಸ್ಟ್ ಡೋಸ್ ಹಾಕಿದ್ದೇವೆ, ಇನ್ನೇನೂ ಭಯವಿಲ್ಲ ಅಂತ ಅನೇಕರು ನಂಬಿದ್ದಾರೆ. ಆ ಚರ್ಮದ ಪರೀಕ್ಷೆ ಸರಿ ಬಂದರೂ ರಿಯಾಕ್ಷನ್ ಆಗಬಹುದು. ಹಾಗಾಗಿ ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇರುವ ಎಮರ್ಜೆನ್ಸಿ ಟ್ರೇ ಕೈಗೆಟುಕುವ ಜಾಗದಲ್ಲೇ ಇರಬೇಕು. ಇಂಜೆಕ್ಷನ್ ಆದ ತಕ್ಷಣ ಯಾರನ್ನೂ ಎದ್ದು ಹೋಗಲು ಬಿಡುವುದಿಲ್ಲ. ಉಸಿರು ಕಟ್ಟಿದ ಹಾಗೆ, ಗಂಟಲು ಬಿಗಿದ ಹಾಗೆ ಅನ್ನಿಸಿದರೆ ಆಗಲೇ ಹೇಳಿ ಅಂತೀನಿ.

ಒಂದು ಗ್ರಾಂ ಪುಡಿಗೆ 10 ಎಂ.ಎಲ್. ಸ್ಟೆರೈಲ್ ವಾಟರ್. ಚೆನ್ನಾಗಿ ಕರಗಿದರೆ ತಿಳಿ ಹಳದಿ ಬಣ್ಣ, ಬೆಳಕಿಗೆ ಹಿಡಿದರೆ ಒಂದು ಕಣವೂ ಕಾಣಬಾರದು. ರಕ್ತನಾಳಕ್ಕೆ ಕೊಡುವುದು ನಿಧಾನಕ್ಕೆ, ಗಡಿಯಾರ ನೋಡಿಕೊಂಡು, ಎರಡರಿಂದ ನಾಲ್ಕು ನಿಮಿಷ. ಸೊಂಟಕ್ಕೆ ಕೊಡುವಾಗ ತುಂಬಾ ನೋವಾಗುತ್ತದೆ, ಅದಕ್ಕೆ ಮರಗಟ್ಟಿಸುವ ಔಷಧಿ ಲಿಗ್ನೋಕೇನ್‌ನಲ್ಲಿ ಕರಗಿಸುತ್ತೇವೆ. ಹಾಗೆ ಕರಗಿಸಿದ್ದನ್ನು ಯಾವ ಕಾರಣಕ್ಕೂ ರಕ್ತನಾಳಕ್ಕೆ ಕೊಡಬಾರದು. ಆ ಸಿರಿಂಜ್ ಮೇಲೆ ಒಳಗಿರುವ ಔಷಧಿಗಳ ಹೆಸರು ಮರೆಯದೆ ಬರೆದಿಡುತ್ತೇನೆ.

ಈ ಮಳೆಗಾಲದಲ್ಲಿ ಪಿಜಿಯಲ್ಲಿದ್ದ ಒಬ್ಬ ಹುಡುಗ ಟೈಫಾಯಿಡ್ ಆಗಿ ಬಂದ. ತುಮಕೂರಿನಿಂದ ಅಮ್ಮ ಓಡಿ ಬಂದಿದ್ದರು. ರೋಗಾಣು ಯಾವುದು ಅಂತ ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದ ಮೇಲೇ ಔಷಧಿ ಶುರು ಮಾಡಿದೆವು. ದಿನಕ್ಕೆ ಎರಡು ಗ್ರಾಂ, 100 ಎಂ.ಎಲ್. ಸಲೈನ್‌ನಲ್ಲಿ ಅರ್ಧ ಗಂಟೆ. ಮೂರನೇ ದಿನವೂ ಜ್ವರ 102. "ಸಿಸ್ಟರ್, ಈ ಇಂಜೆಕ್ಷನ್ ಪವರ್ ಸಾಲ್ದು, ಬೇರೆ ಹಾಕ್ಸಿ" ಅಂತ ಆ ತಾಯಿ ಕಣ್ಣೀರು ಹಾಕಿದರು. ಪಕ್ಕ ಕೂತು ಹೇಳಿದೆ: "ಅಮ್ಮಾ, ಟೈಫಾಯಿಡ್ ಜ್ವರ ಇಳಿಯೋಕೆ ನಾಲ್ಕೈದು ದಿನ ಹಿಡಿಯುತ್ತೆ. ಅವನು ಗಂಜಿ ಕುಡೀತಿದಾನೆ, ಮಾತಾಡ್ತಿದಾನೆ, ಅದು ಒಳ್ಳೇ ಲಕ್ಷಣ." ಈ ಔಷಧಿಗೂ ಟೈಫಾಯಿಡ್‌ಗೂ ಹಳೇ ನಂಟು. ಈ ಜಾತಿಯ ಔಷಧಿಗೆ ಮೂಲವಾದ ಬೂಷ್ಟು ಸಿಕ್ಕಿದ್ದು 1945ರಲ್ಲಿ, ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ, ಚರಂಡಿ ಸಮುದ್ರಕ್ಕೆ ಸೇರುವ ಜಾಗದಲ್ಲಿ. ಅದನ್ನು ಕಂಡುಹಿಡಿದ ಅಲ್ಲಿನ ವಿಜ್ಞಾನಿ ಜುಸೆಪ್ಪೆ ಬ್ರೋಟ್ಸು ಮದ್ದು ಹುಡುಕುತ್ತಿದ್ದದ್ದೂ ಟೈಫಾಯಿಡ್‌ಗೇ.

ಅದೇ ವಾರ್ಡಿನಲ್ಲಿ ಡೆಂಗ್ಯೂ ಆದವರ ಮನೆಯವರೂ "ನಮಗೂ ಅದೇ ಇಂಜೆಕ್ಷನ್ ಕೊಡಿ" ಅಂತ ಕೇಳುತ್ತಾರೆ. ವೈರಸ್ ಜ್ವರಕ್ಕೆ ಇದರಿಂದ ಏನೂ ಉಪಯೋಗವಿಲ್ಲ. ಸುಮ್ನೆ ಭೇದಿ, ಅಲರ್ಜಿ ಅಪಾಯ ಮೈಮೇಲೆ ಎಳೆದುಕೊಂಡ ಹಾಗೆ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯಿಡ್ ಹಬ್ಬಿದೆ. ಅದು ಇಲ್ಲೂ ಹಾಗೆ ಹಬ್ಬಿದರೆ ಇಂಥ ಹುಡುಗರಿಗೆ ಏನು ಕೊಡುವುದು ಅನ್ನುವ ಭಯ ನನಗಿದೆ. ನಮ್ಮಲ್ಲಿ ಇದು ಶೆಡ್ಯೂಲ್ ಎಚ್1 ಔಷಧಿ. ಚೀಟಿ ಇಲ್ಲದೆ ಮಾರುವಂತಿಲ್ಲ, ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

ಆರನೇ ದಿನ ಬೆಳಗ್ಗೆ ಹುಡುಗನ ಜ್ವರ 98.4. ತಟ್ಟೆ ಇಡ್ಲಿ ಬೇಕು ಅಂದ. "ಇನ್ನು ಸಾಕಲ್ವಾ ಸಿಸ್ಟರ್, ಊರಿಗೆ ಕರ್ಕೊಂಡು ಹೋಗ್ತೀನಿ" ಅಂದರು ಅಮ್ಮ. ಡಾಕ್ಟರು ಬರೆದದ್ದು 14 ದಿನ. ಮಧ್ಯೆ ಬಿಟ್ಟರೆ ಜ್ವರ ಮರುಕಳಿಸಬಹುದು ಅಂತ ಅವರಿಗೆ ಬಿಡಿಸಿ ಹೇಳಿದೆ. ಡಿಸ್ಚಾರ್ಜ್ ಆದ ಮೇಲೆ ಮಾಗಡಿ ರೋಡಿನ ನೆಂಟರ ಮನೆಯಲ್ಲಿ ಉಳಿದು, ದಿನಾ ಬೆಳಗ್ಗೆ ಎಂಟಕ್ಕೆ ಅವನನ್ನು ಕರೆತಂದರು. ಹದಿನಾಲ್ಕನೇ ದಿನ ಕೊನೆಯ ಬಾಟಲಿ ಮುಗಿದ ಮೇಲೆ ಕ್ಯಾನುಲಾ ತೆಗೆದು ಹತ್ತಿ ಒತ್ತಿ ಹಿಡಿದೆ. ಅವನು ಇನ್ನೊಂದು ಕೈಯಲ್ಲಿ ಬ್ಯಾಗ್ ಎತ್ತಿಕೊಂಡು ಎದ್ದೇ ಬಿಟ್ಟ. "ಕೂತ್ಕೋ, ಇನ್ನೂ ಅರ್ಧ ಗಂಟೆ" ಅಂತ ಅವನನ್ನು ಮತ್ತೆ ಕೂರಿಸಿದೆ.